ಒಂದೇ ಗೆರೆ

ಕಾಮಾಕ್ಷಿಪಾಳ್ಯದ ನಮ್ಮ ಮನೆಯಲ್ಲಿ ಜ್ವರ ಬಂದರೆ ಮೊದಲು ಮೆಣಸಿನ ಕಷಾಯ, ಆಮೇಲೆ ಡಾಕ್ಟರು. ಕಳೆದ ಮಳೆಗಾಲದಲ್ಲಿ ಮಂಗಳೂರಿನಿಂದ ಬಂದ ಮಗ ಚಳಿಜ್ವರ ಎಂದು ಮಲಗಿದ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಕಾರ್ಡಿಗೆ ಹಾಕಿದರು. ಕಾಲು ಗಂಟೆಯಲ್ಲಿ ಒಂದೇ ಗೆರೆ ಮೂಡಿತು. ಮಲೇರಿಯಾ ಇಲ್ಲವೆಂದರು. ನನ್ನ ಜೀವ ಹಗುರಾಯಿತು. "ಕೆಲಸಕ್ಕೆ ಹೋಗಲು ಸೋಮಾರಿತನ ನಿನಗೆ" ಎಂದು ಗದರಿಯೂಬಿಟ್ಟೆ.

ಮೂರನೆಯ ದಿನ ಮತ್ತೆ ನಡುಕ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಈ ಸಲ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ವೈವಾಕ್ಸ್ ಮಲೇರಿಯಾ!

ಲ್ಯಾಬಿನಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. "ಮಿಸ್, ಕಾರ್ಡು ಹುಡುಕುವುದು ರೋಗಾಣುವಿನ ಪ್ರೋಟೀನನ್ನು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 100-200 ರೋಗಾಣುಗಳಾದರೂ ಇಲ್ಲದಿದ್ದರೆ ಗೆರೆ ಮೂಡದೆ ಹೋಗಬಹುದು. ಇನ್ನೂ ಕಡಿಮೆಯನ್ನು ಹಿಡಿಯುವ ಕಾರ್ಡು 2017ರಲ್ಲಿ ಬಂತು, ಆದರೆ ಅದು ಫಾಲ್ಸಿಪಾರಂಗೆ ಮಾತ್ರ" ಎಂದಳು.

ಹದಿನಾಲ್ಕು ದಿನ ಪ್ರೈಮಾಕ್ವಿನ್ ಮಾತ್ರೆ ಎಣಿಸಿ ಕೊಟ್ಟೆ. ಮಗ ಎದ್ದು ಓಡಾಡಿದ. ಜ್ವರ ಬಿಡದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೆಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಕೈ ಎತ್ತದ ಮಗುವಿಗೆ ಉತ್ತರ ಗೊತ್ತಿಲ್ಲವೆಂದು ತಿಳಿಯಬಾರದು ಎಂಬುದನ್ನು ತರಗತಿಯಲ್ಲಿ ಕಲಿತವಳು ನಾನು. ಮನೆಯಲ್ಲಿ ಮಾತ್ರ ಒಂದು ಗೆರೆಯನ್ನು ನಂಬಿದೆ, ಮಗನನ್ನು ನಂಬಲಿಲ್ಲ.