ಉಪ್ಪಿಲ್ಲದ ನೀರು

ನಮ್ಮ ಹಾಸ್ಟೆಲ್ ರೂಮಿನ 60 ಲೀಟರ್ ಅಕ್ವೇರಿಯಂನ ಗಾಜಿಗೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕಟ್ಟುತ್ತಿತ್ತು. ಉಜ್ಜಿ ಉಜ್ಜಿ ಸಾಕಾಗಿ, ವಾರವಾರ ನೀರು ಬದಲಿಸುವಾಗ ಬರೀ ಆರ್‌ಓ ನೀರು ಸುರಿಯತೊಡಗಿದೆವು. ಟಿಡಿಎಸ್ ಮೀಟರ್ ಇಳಿದಂತೆಲ್ಲ ನಮಗೆ ಖುಷಿ. ಇಳಿಯೋ ನಂಬರ್ ನೋಡಿ ಖುಷಿಪಟ್ಟಿದ್ದು ಅದೇ ಮೊದಲು. ಸಿಜಿಪಿಎ ಇಳಿದಾಗ ಹಾಗಾಗಿರಲಿಲ್ಲ.

ಬರಬರುತ್ತಾ ಗಿಡಗಳ ಹೊಸ ಎಲೆ ಸುರುಟಿಕೊಂಡವು. ಬಸವನಹುಳುಗಳ ಚಿಪ್ಪು ಬಿಳಚಿಕೊಂಡು ಗುಳಿಬಿತ್ತು. ಒಂದು ಬೆಳಗ್ಗೆ ಎರಡು ಗಪ್ಪಿ ಸತ್ತು ತೇಲುತ್ತಿದ್ದವು. ಆವತ್ತು ರೂಮಲ್ಲಿ ಯಾರೂ ಮಾತಾಡಲಿಲ್ಲ.

ಆರ್‌ಓ ಪೊರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಹೆಚ್ಚುಕಡಿಮೆ ಎಲ್ಲವನ್ನೂ ತಡೆಯುತ್ತೆ. ಬೈಕಾರ್ಬನೇಟ್ ಹೋದರೆ ಪಿಎಚ್ ಕುಸಿಯದಂತೆ ತಡೆಯೋರಿಲ್ಲ. ಮೊದಲ ವರ್ಷ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಷನ್ ಮಾಡಿ ಗಡಸುತನ ಅಳೆದವರೇ ನಾವು!

ಈಗ 20 ಲೀಟರ್ ಆರ್‌ಓ ನೀರಿಗೆ 3.7 ಗ್ರಾಂ ಜಿಪ್ಸಂ, 1.8 ಗ್ರಾಂ ಎಪ್ಸಮ್ ಉಪ್ಪು, 2.4 ಗ್ರಾಂ ಅಡುಗೆ ಸೋಡಾ ಬೆರೆಸುತ್ತೇವೆ. ಗಡಸುತನ ಸುಮಾರು 8 ಜರ್ಮನ್ ಡಿಗ್ರಿಗೆ ಬರುತ್ತೆ. ಜಿಪ್ಸಂ ಬೇಗ ಕರಗಲ್ಲ, ಹಾಗಾಗಿ ಹಿಂದಿನ ರಾತ್ರಿಯೇ ಬಕೆಟ್ಟಲ್ಲಿ ಕಲಸಿಡಬೇಕು. ತೊಟ್ಟಿಗೆ ಸುರಿಯೋದೂ ಸ್ವಲ್ಪಸ್ವಲ್ಪವೇ.

ಬಸವನಹುಳುಗಳ ಚಿಪ್ಪಿನ ಅಂಚಲ್ಲಿ ಹೊಸ ಪದರ ನುಣುಪಾಗಿ ಬರ್ತಿದೆ. ಹಳೆಯ ಗುಳಿಗಳು ಹಾಗೇ ಇವೆ.