ಯಾವ ಮಾಲ್ ಹಾಕ್ಲಿ, ಸರ?

"ಯಾವ ಮಾಲ್ ಹಾಕ್ಲಿ, ಸರ? ಕಂಪನಿದ್ ಹಾಕ್ಲೋ, ಲೋಕಲ್ ಹಾಕ್ಲೋ?"

ಸೇಡಂನಲ್ಲಿ ನನ್ನ ಮೋಟಾರ್ ಸೈಕಲ್ ನೋಡುವ ಉಸ್ತಾದರು ಪಾನಾ ಕೈಗೆತ್ತಿಕೊಳ್ಳುವ ಮೊದಲು ಈ ಮಾತು ಕೇಳಿಯೇ ಕೇಳುತ್ತಾರೆ. ಮೊದಮೊದಲು ನಾನು "ನಿಮಗ ಸರಿ ಕಂಡಿದ್ದು ಹಾಕ್ರಿ" ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಕೆಲವರು ಜೋಡೆತ್ತು ಆರಿಸುವಾಗ, ಕೆಲವರು ಸೀರೆ ಆರಿಸುವಾಗ ಪಡುವ ಸುಖವನ್ನು ನಾನು ಬ್ರೇಕ್ ಶೂ, ಚೈನು, ಬೇರಿಂಗು ಆರಿಸುವಾಗ ಪಡುತ್ತೇನೆ. ಅಂಗಡಿಯ ಗಲ್ಲೆಯ ಮೇಲೆ ಎರಡು ಡಬ್ಬಿ ಪಕ್ಕಪಕ್ಕ ಇಟ್ಟು, ಎರಡನ್ನೂ ಬಿಚ್ಚಿ, ಅಂಗೈಯಲ್ಲಿ ತೂಗಿ, ಅಂಚಿನ ಮೇಲೆ ಬೆರಳಾಡಿಸಿ ನೋಡುವ ಆ ಐದು ನಿಮಿಷ ನನಗೆ ಬಲು ಇಷ್ಟ.

ಗಾಡಿ 2008ರ ಸ್ಪ್ಲೆಂಡರ್ ಪ್ಲಸ್. ನಾಲ್ಕು ವರ್ಷ ಓಡಿದ ಮೇಲೆ ನನ್ನ ಕೈಗೆ ಬಂತು. ಆಗ ಚಿತ್ತಾಪುರದ ಕಡೆಯ ಶಾಲೆಗೆ ದಿನಾ ಹೋಗಿಬರಬೇಕಿತ್ತು, ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. 97.2 ಸಿಸಿಯ ಪುಟ್ಟ ಇಂಜಿನ್ನು. ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 49.5 ಮಿಲಿಮೀಟರ್. ಹೆಣ್ಣುಮಕ್ಕಳ ಬಳೆಗಿಂತ ಚಿಕ್ಕದಾದ ಈ ಜಾಗದಲ್ಲಿ ನಡೆಯುವ ಕೆಲಸದಿಂದ ನನ್ನ ಸಂಸಾರ ಇಷ್ಟು ವರ್ಷ ಓಡಾಡಿದೆ. ಟ್ಯಾಂಕಿನ ಮೇಲೆ ಇನ್ನೂ ‘ಹೀರೋ ಹೋಂಡಾ’ ಎಂದೇ ಇದೆ. ಆ ಎರಡು ಕಂಪನಿಗಳು ಬೇರೆಯಾಗಲು 2010ರ ಕೊನೆಗೆ ಒಪ್ಪಿದವು, 2011ರಲ್ಲಿ ಹೀರೋ ಮೋಟೋಕಾರ್ಪ್ ಎಂಬ ಹೆಸರು ಬಂತು. ಹೀಗಾಗಿ ಇವತ್ತು ನನ್ನ ಗಾಡಿಗೆ ಒರಿಜಿನಲ್ ಎಂದು ಸಿಗುವ ಡಬ್ಬಿಯ ಮೇಲೆ ಇರುವುದು ಗಾಡಿ ಹುಟ್ಟಿದಾಗಿನ ಹೆಸರಲ್ಲ. ಒರಿಜಿನಲ್ ಅಂದರೆ ಯಾವುದು ಎಂಬ ಪ್ರಶ್ನೆ ನನ್ನ ತಲೆಹೊಕ್ಕದ್ದೇ ಅಲ್ಲಿಂದ.

ಐತವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು ಅಂಗಳದ ಫರಸಿಯ ಮೇಲೆ ಗೋಣಿತಟ್ಟು ಹಾಸಿ ಕೂಡುತ್ತೇನೆ. ಒಂದು ಬೋಗುಣಿಯಲ್ಲಿ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್ಶು, ಚಿಂದಿ ಬಟ್ಟೆ. ಚಕ್ರ ಕಳಚಿ ಬೇರಿಂಗ್ ಹೊರತೆಗೆದು ತೊಳೆದು, ಒಳಗಿನ ಬಳೆಯನ್ನು ಬೆರಳಿಗೆ ಸಿಕ್ಕಿಸಿ, ಹೊರಗಿನ ಬಳೆಯನ್ನು ತಿರುಗಿಸಿ ಕಿವಿಗೆ ಹಿಡಿಯುತ್ತೇನೆ. ಚೆನ್ನಾಗಿದ್ದರೆ ಸದ್ದೇ ಇರುವುದಿಲ್ಲ. ತಿಂದುಹೋಗಿದ್ದರೆ ಜೋಳ ಬೀಸಿದ ಹಾಗೆ ಗರಗರ ಅನ್ನುತ್ತದೆ. ನಮ್ಮೂರ ಗೌಂಡಿಗಳೂ ಹೀಗೇ ಮಾಡುತ್ತಾರೆ. ಶಹಾಬಾದಿನ ಫರಸಿ ತಂದರೆ ಒಂದೊಂದನ್ನೂ ಎತ್ತಿ ನಿಲ್ಲಿಸಿ ಬೆರಳ ಗೆಣ್ಣಿನಿಂದ ಬಡಿಯುತ್ತಾರೆ. ಠಣ್ ಅಂದರೆ ಒಳಗೆ ಗಟ್ಟಿ. ದಪ್ ಅಂದರೆ ಎಲ್ಲೋ ಬಿರುಕು. ಕಣ್ಣಿಗೆ ಎರಡೂ ಒಂದೇ ಥರ.

ಈ ಕಲ್ಲೇ ನಮ್ಮ ಗಾಡಿಗಳ ವೈರಿಯೂ ಹೌದು. ಶಹಾಬಾದ್, ವಾಡಿ, ಮಳಖೇಡ, ಸೇಡಂ ಎಲ್ಲವೂ ಕುಳಿತಿರುವುದು ಒಂದೇ ಸುಣ್ಣದ ಕಲ್ಲಿನ ಪದರದ ಮೇಲೆ. ಅದಕ್ಕೇ ಇಲ್ಲಿ ಇಷ್ಟು ಸಿಮೆಂಟ್ ಕಾರ್ಖಾನೆ, ಇಷ್ಟು ಕಲ್ಲಿನ ಗಣಿ, ಇಷ್ಟು ಲಾರಿ. ಕಾಗಿಣಾ ಹೊಳೆ ದಾಟಿ ಬರುವಷ್ಟರಲ್ಲಿ ಧೂಳಿಗೆ ಮೀಸೆ ಬೆಳ್ಳಗಾಗಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಸೇರಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು. ತೊಗರಿ ಬೆಳೆಗೆ ಹೇಳಿ ಮಾಡಿಸಿದ ಸೀಮೆ, ರಬ್ಬರಿಗೆ ಅಲ್ಲ.

ನಾನು ಮೊದಲ ಪಾಠ ಕಲಿತದ್ದು ಏರ್ ಫಿಲ್ಟರಿನಿಂದ. ಆಗ ಕಂಪನಿಯದ್ದಕ್ಕೆ ಇನ್ನೂರರ ಹತ್ತಿರ, ಲೋಕಲ್ಲಿಗೆ 70 ರೂಪಾಯಿ ಇತ್ತು. ಅದೇ ಬಣ್ಣ, ಅದೇ ಅಳತೆ, ಕಾಗದದ ಮಡಿಕೆಗಳೂ ಅಷ್ಟೇ ಅಚ್ಚುಕಟ್ಟು. ಕಾಗದವೇ ತಾನೇ ಎಂದು 70 ರೂಪಾಯಿಯದ್ದು ಹಾಕಿಸಿದೆ. ಎಂಟು ತಿಂಗಳಿಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಆಯಿಲ್ ಕಡ್ಡಿ ಎಳೆದು ನೋಡಿದರೆ ತಳ ಕಂಡಿತ್ತು. ಉಸ್ತಾದರು ಬ್ಲಾಕ್ ಬಿಚ್ಚಿ, ಸಿಲಿಂಡರಿನೊಳಗೆ ಉಗುರು ಆಡಿಸಿ, ನನ್ನ ಕೈಯನ್ನೂ ಹಿಡಿದು ಆಡಿಸಿದರು. ಉದ್ದುದ್ದ ಗೀರುಗಳು ಉಗುರಿಗೆ ತಾಕಿದವು. ಆಮೇಲೆ ಫಿಲ್ಟರ್ ಡಬ್ಬಿಯ ಒಳಬದಿಗೆ, ಅಂದರೆ ಶುದ್ಧ ಗಾಳಿ ಹೋಗಬೇಕಾದ ಬದಿಗೆ ಬೆರಳಾಡಿಸಿದರು. ಬೆರಳು ಬೂದಿ ಬಳಿದುಕೊಂಡು ಬಂತು.

"ನೋಡ್ರಿ ಸರ, ಗಾಳಿ ಬಾಗ್ಲಾಗಿಂದ ಬಂದಿಲ್ಲ, ಸಂದಿನಾಗಿಂದ ಬಂದದ."

ಕಾಗದ ಚೆನ್ನಾಗಿಯೇ ಇತ್ತು. ಸುತ್ತಲಿನ ರಬ್ಬರ್ ಅಂಚು ಬಿಸಿಲಿಗೆ ಬಿರುಸಾಗಿ ಡಬ್ಬಿಗೆ ಅಂಟಿ ಕೂತಿರಲಿಲ್ಲ. ಆ ಕೂದಲೆಳೆಯ ಸಂದಿನಿಂದ ಎಂಟು ತಿಂಗಳು ವಾಡಿಯ ಸಿಮೆಂಟು, ಮಳಖೇಡದ ಧೂಳು ಒಳಗೆ ಹೋಗಿ ರಿಂಗುಗಳನ್ನು ಅರೆದುಹಾಕಿದ್ದವು. 130 ರೂಪಾಯಿ ಉಳಿಸಲು ಹೋಗಿ ಬ್ಲಾಕ್ ಬೋರ್ ಹಾಕಿಸುವ ಖರ್ಚು ತಲೆಗೆ ಬಂತು. ಅಂದಿನಿಂದ ರಬ್ಬರ್ ಇರುವ ಯಾವ ಭಾಗವೇ ಆಗಲಿ, ಫಿಲ್ಟರು, ಆಯಿಲ್ ಸೀಲು, ಕಾರ್ಬೊರೇಟರಿನ ಕೊರಳಿನ ಕಾಲರು, ನನ್ನ ಗಾಡಿಗೆ ಕಂಪನಿಯದ್ದೇ. ಈ ಸೀಮೆಯಲ್ಲಿ ಗಾಡಿ ಓಡಿಸುವ ಯಾರಿಗಾದರೂ ನಾನು ಹೇಳುವುದು ಇದನ್ನೇ.

ಹಾಗೆಂದು ಎಲ್ಲಕ್ಕೂ ಕಂಪನಿಯ ಡಬ್ಬಿಯೇ ಬೇಕೆಂದು ಹಟ ಹಿಡಿಯುವವನಲ್ಲ ನಾನು. ಬೇರಿಂಗನ್ನು ನೋಡಿ. ಅದರ ಮೇಲೆ ಕೊರೆದ ಸಂಖ್ಯೆಯೇ ಅದರ ಜಾತಕ. 6301 ಎಂದಿದ್ದರೆ ಒಳಗಿನ ತೂತು 12 ಮಿಲಿಮೀಟರ್, ಹೊರಗಿನ ವ್ಯಾಸ 37, ದಪ್ಪ 12. ಕೊನೆಯ ಎರಡು ಅಂಕಿ 00 ಇದ್ದರೆ ತೂತು 10, 01 ಇದ್ದರೆ 12, 02 ಇದ್ದರೆ 15, 03 ಇದ್ದರೆ 17. ಅಲ್ಲಿಂದಾಚೆ ಐದರಿಂದ ಗುಣಿಸಿದರೆ ಸಾಕು, 04 ಅಂದರೆ 20. ಜಗತ್ತಿನ ಎಲ್ಲಿ ಮಾಡಿದರೂ ಇದೇ ಲೆಕ್ಕ. ಈ ಲೆಕ್ಕ ತಿಳಿದ ದಿನ ನನಗೆ ಆದ ಆನಂದ, ಮಗ್ಗಿ ಬಾಯಿಗೆ ಬಂದ ದಿನದ ಹುಡುಗನದ್ದು. ಗಾಡಿ ಕಂಪನಿಗಳು ಬೇರಿಂಗನ್ನು ಕೊಳ್ಳುತ್ತವೆಯೇ ಹೊರತು ತಾವು ಮಾಡುವುದಿಲ್ಲ. ಜೈಪುರದಲ್ಲಿ ಎನ್‌ಬಿಸಿ ಮಾಡುತ್ತದೆ, ಪುಣೆಯಲ್ಲಿ ಎಸ್‌ಕೆಎಫ್ ಮಾಡುತ್ತದೆ. ಅವರ ಡಬ್ಬಿಯಲ್ಲೇ ಕೊಂಡರೆ ಗಾಡಿ ಕಂಪನಿಯ ಹೆಸರಿಗೆ ಕೊಡುವ ಹೆಚ್ಚಿನ ಹಣ ಉಳಿಯುತ್ತದೆ. ಆದರೆ ಅವರ ಹೆಸರಿನಲ್ಲೇ ನಕಲಿ ಬರುತ್ತದೆ, ಅದಕ್ಕೆ ಕಣ್ಣಿಡಬೇಕು. ಅಕ್ಷರ ಮಸುಕಾಗಿದ್ದರೆ, ಉಗುರಿಗೆ ಮಸಿ ಅಂಟಿದರೆ, ಬೆಲೆ ಅರ್ಧಕ್ಕರ್ಧ ಇಳಿದಿದ್ದರೆ ಹಿಂದಕ್ಕೆ ಕೊಟ್ಟುಬಿಡಬೇಕು.

ಚೈನಿನದೂ ಇದೇ ಕತೆ. 428 ಎಂಬ ಚೈನಿನಲ್ಲಿ ಮೊದಲ 4 ಎಂದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಇಂಚಿನ ಎಂಟರಲ್ಲಿ ನಾಲ್ಕು ಭಾಗ, ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಕೊಯಮತ್ತೂರಿನ ರೋಲಾನ್ ಚೈನು ಹಾಕಿಸಿ ನನಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ಲ. ಚೈನ್ ಒಂದನ್ನೇ ಬದಲಿಸಿ ಹಳೆಯ ಹಲ್ಲುಚಕ್ರ ಉಳಿಸುವವರನ್ನು ಕಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ. ಸವೆದ ಹಲ್ಲು ಹೊಸ ಚೈನನ್ನು ಒಂದೇ ಹಂಗಾಮಿನಲ್ಲಿ ಎಳೆದು ಉದ್ದ ಮಾಡಿಬಿಡುತ್ತದೆ.

ಪ್ಲಗ್ಗಿಗೆ ನಮ್ಮ ಕಡೆ ಈಗಲೂ ಹಿರಿಯರು ಮೈಕೊ ಅನ್ನುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟ ಆ ಕಂಪನಿ ಹುಟ್ಟಿದ್ದು 1951ರಲ್ಲಿ. 2008ರಲ್ಲಿ, ನನ್ನ ಗಾಡಿ ರಸ್ತೆಗಿಳಿದ ವರ್ಷವೇ, ಅದರ ಹೆಸರು ಬಾಷ್ ಆಯಿತು. ಅಂಗಡಿಯಲ್ಲಿ "ಮೈಕೊ ಪ್ಲಗ್ ಕೊಡ್ರಿ" ಅಂದರೆ ಇವತ್ತಿಗೂ ಯಾರೂ ತಬ್ಬಿಬ್ಬಾಗುವುದಿಲ್ಲ.

ನಮ್ಮ ಊರುಗಳಿಗೆ ಮಾಲು ಬರುವ ದಾರಿ ಹೈದರಾಬಾದಿನದು. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಸೇಡಂ, ಚಿತ್ತಾಪುರ ಎರಡೂ ಅದೇ ಹಳಿಯ ಮೇಲಿವೆ. ಬಿಡಿಭಾಗಕ್ಕೆ ನಮಗೆ ಬೆಂಗಳೂರಿನ ಜೆ.ಸಿ. ರಸ್ತೆ ದೂರ, ಹೈದರಾಬಾದ್ ಕಡೆಯ ಪುತಲಿಬೌಲಿ, ರಾಣಿಗಂಜ್ ಹತ್ತಿರ. ಬೆಳಗಿನ ಗಾಡಿಗೆ ಹೋಗಿ ಚೀಲ ತುಂಬಿಕೊಂಡು ಸಂಜೆಗೆ ಇಳಿಯುವ ಅಂಗಡಿಯವರು ಎಷ್ಟೋ ಜನ. ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ಸೈಲೆನ್ಸರ್, ಸೀಟ್ ಕವರ್, ಇಂಡಿಕೇಟರ್‌ಗಳ ಗಂಟಿನ ಪಕ್ಕ ಕೂತು ಚಹಾ ಕುಡಿಯುತ್ತಾ ಅವರೊಡನೆ ಮಾತಾಡಿ ನಾನು ಕಲಿತದ್ದು ಬಹಳ. ಡಬ್ಬಿಯ ಮೇಲಿನ ನಂಬರ್ ಓದಲು ಕಲಿಸಿದ್ದೂ ಅವರೇ. ಹೋಂಡಾ ಮನೆತನದ ಗಾಡಿಗಳಲ್ಲಿ ನಂಬರಿನ ಮೊದಲ ಐದು ಅಂಕಿ ಅದು ಯಾವ ಭಾಗ ಎಂದು ಹೇಳುತ್ತವೆ, ನಡುವಿನ ಮೂರು ಯಾವ ಮಾಡೆಲ್ಲಿಗೆ ಮಾಡಿದ್ದು ಎಂದು ಹೇಳುತ್ತವೆ. ಒಂದು ಸಲ ಆ ನಡುವಿನ ಮೂರು ನೋಡಿಯೇ, ನನ್ನದಲ್ಲದ ಮಾಡೆಲ್ಲಿನ ಕ್ಲಚ್ ಕೇಬಲ್ ವಾಪಸ್ ಕೊಟ್ಟೆ. ಮಾಲು ಒರಿಜಿನಲ್ಲೇ ಇತ್ತು. ನನ್ನ ಗಾಡಿಗೆ ಮಾತ್ರ ಅದು ಸಲ್ಲುತ್ತಿರಲಿಲ್ಲ.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಹೆಂಡತಿಯ ತವರು ಚಿಂಚೋಳಿಯ ಆಚೆ. ಆ ಕಡೆ ನೆಲದ ಬಣ್ಣವೇ ಬೇರೆ, ಕೆಂಪು ಮುರಕಲ್ಲು, ಗುಡ್ಡ, ಕಾಡು, ಚಂದ್ರಂಪಳ್ಳಿ ಜಲಾಶಯದ ನೀರು. ದಾರಿಯಲ್ಲಿ ಇಳಿಜಾರುಗಳಿವೆ. ಒಂದು ದೀಪಾವಳಿಗೆ ಮೂವರೂ ಹೊರಟಿದ್ದೆವು, ಮಗಳು ಟ್ಯಾಂಕಿನ ಮೇಲೆ ಕೂತಿದ್ದಳು. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಒತ್ತಿದಾಗ ಒಳಗೆ ಏನೋ ಪಟ್ಟನೆ ಕಳಚಿದ ಸದ್ದಾಯಿತು, ಚಕ್ರ ಬಿಗಿದುಕೊಂಡು ಗಾಡಿ ಜಾರಿತು. ವೇಗ ಕಡಿಮೆ ಇದ್ದುದರಿಂದ ಕಾಲು ಊರಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಮಗಳು ಕೆಳಗಿಳಿದು ನನ್ನ ಅಂಗಿ ಹಿಡಿದುಕೊಂಡೇ ನಿಂತಿದ್ದಳು. ಆ ಹಿಡಿತ ಇವತ್ತಿಗೂ ನೆನಪಿದೆ. ಟಂಟಂನಲ್ಲಿ ಗಾಡಿ ಹೇರಿಸಿಕೊಂಡು ಚಿಂಚೋಳಿಗೆ ಹೋಗಿ ಡ್ರಮ್ ಬಿಚ್ಚಿಸಿದರೆ, ಶೂಗೆ ಅಂಟಿಸಿದ್ದ ಲೈನಿಂಗ್ ಸಿಪ್ಪೆಯಂತೆ ಎದ್ದು ಡ್ರಮ್ಮಿಗೂ ಶೂಗೂ ನಡುವೆ ಸಿಕ್ಕಿಕೊಂಡಿತ್ತು. ಹೆಸರಿಲ್ಲದ ಡಬ್ಬಿಯ ಮಾಲು. ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ.

ಸೇಡಂಗೆ ಮರಳಿದ ಮೇಲೆ ಉಸ್ತಾದರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಂದರು: "ಓಡ್ಸೋ ಸಾಮಾನಿಗಿ ಲೋಕಲ್ ಒಮ್ಮೊಮ್ಮಿ ನಡೀತದ್ರಿ ಸರ. ನಿಲ್ಸೋ ಸಾಮಾನಿಗಿ ನಡ್ಯಂಗಿಲ್ಲ." ಅಂದಿನಿಂದ ಅವರು ಬ್ರೇಕ್ ಶೂ ಬಗ್ಗೆ ನನ್ನನ್ನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟರು.

ಆ ಏರ್ ಫಿಲ್ಟರಿನ ದೆಸೆಯಿಂದ ಬೋರ್ ಹಾಕಿಸಲು ಶಹಾಬಾದಿಗೆ ಹೋದದ್ದು ನನ್ನ ಪುಣ್ಯ. ಅಲ್ಲಿ ಒಬ್ಬ ಹಿರಿಯರು ಲೇತ್ ಮಷಿನ್ ಇಟ್ಟುಕೊಂಡಿದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ, ಕಾರ್ಖಾನೆಯಲ್ಲಿ ಟರ್ನರ್ ಆಗಿ ನಿವೃತ್ತರಾದವರು. ನನ್ನ ಬ್ಲಾಕನ್ನು 0.25 ಮಿಲಿಮೀಟರ್ ದೊಡ್ಡದು ಮಾಡಿ, 50.25ರ ಪಿಸ್ಟನ್ ಕೂಡಿಸಬೇಕಿತ್ತು. ಪಿಸ್ಟನ್ ತಂದುಕೊಡದೆ ಬ್ಲಾಕಿಗೆ ಕೈ ಹಚ್ಚುವುದಿಲ್ಲ ಎಂದರು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಪಿಸ್ಟನ್ನನ್ನೇ ಅಳೆದು ಅದಕ್ಕೆ ತಕ್ಕಂತೆ ಕೊರೆಯುವುದು ಅವರ ಪದ್ಧತಿ.

ಅವರ ಅಂಗಡಿಯ ಮೂಲೆಯಲ್ಲಿ ಒಂದು ಯೆಜ್ಡಿ ನಿಂತಿದೆ. ಮೈಸೂರಿನ ಐಡಿಯಲ್ ಜಾವಾದಲ್ಲಿ ಹುಟ್ಟಿದ್ದು, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್ ಇರುವ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈ ಗಾಡಿಗೆ ಕಂಪನಿಯ ಮಾಲು ಎಂಬುದು ಗುಜರಿಯಲ್ಲಿ ಸಿಕ್ಕರೆ ಉಂಟು. ಬುಷ್ಷು, ಪಿನ್ನು, ಸ್ಪೇಸರುಗಳನ್ನು ಹಿರಿಯರು ತಾವೇ ತಿರುಗಿಸಿ ಹಾಕಿದ್ದಾರೆ. ಹಾಗಾದರೆ ಇದರಲ್ಲಿ ಒರಿಜಿನಲ್ ಎಷ್ಟು ಉಳಿದಿದೆ ಎಂದು ಕೇಳಿದೆ. ಅವರು ವರ್ನಿಯರ್ ಎತ್ತಿ ಬುಷ್ಷಿಗೆ ಹಿಡಿದು ನನಗೆ ಓದಲು ಹೇಳಿದರು. ಓದಿದೆ.

"ಕಂಪನಿ ಹೋಗ್ಯದ ತಮ್ಮಾ, ಮಾಪ ಉಳದದ. ಮಾಪಿಗಿ ಬರೋಬರಿ ಕೂಡ್ತಂದ್ರ ಅದೇ ಒರಿಜಿನಲ್."

ಆಮೇಲೆ ಗಾಡಿ ಶುರು ಮಾಡಿ ತೋರಿಸಿದರು. ಎರಡನೇ ಕಿಕ್ಕಿಗೆ ಎದ್ದಿತು. ಜೋಡಿ ಸೈಲೆನ್ಸರಿನ ಆ ಸದ್ದಿಗೆ ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು.

ಹಳೆಯ ಗಾಡಿಗೆ ಇಷ್ಟು ಖರ್ಚು ಯಾಕೆ, ಮಾರಿಬಿಡಿ ಎನ್ನುವವರಿದ್ದಾರೆ. ಇನ್ನು ಕೆಲವರು ಲೋಕಲ್ ಮಾಲು ಮಾಡುವವರನ್ನೆಲ್ಲ ಕಳ್ಳರೆಂದು ಬೈಯುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ತೊಗರಿ ಮಾರಿ ಬಂದ ದುಡ್ಡಿನಲ್ಲಿ ಗಾಡಿ ನಡೆಸುವವನಿಗೆ ಕನ್ನಡಿ, ಸೀಟ್ ಕವರ್, ಫುಟ್‌ರೆಸ್ಟ್, ಇಂಡಿಕೇಟರ್ ಅಗ್ಗದಲ್ಲಿ ಸಿಗಬೇಕು. ಅದರಿಂದಲೇ ಹಳ್ಳಿಹಳ್ಳಿಯಲ್ಲಿ ಇಪ್ಪತ್ತು ವರ್ಷದ ಗಾಡಿಗಳು ಇನ್ನೂ ಓಡುತ್ತಿವೆ. ತನ್ನ ಹೆಸರು ಕೊರೆದು ಮಾರುವವನ ಮಾಲನ್ನು ನಾನು ಗೌರವದಿಂದ ಕೊಳ್ಳುತ್ತೇನೆ. ಇನ್ನೊಬ್ಬರ ಹೆಸರು ಅಂಟಿಸಿ ಮಾರುವವನದ್ದು ಕಳ್ಳತನ, ಅದಕ್ಕೆ ಕ್ಷಮೆಯಿಲ್ಲ. ಅದರಿಂದ ಯಾರದೋ ಮಗುವಿನ ಜೀವ ಹೋಗಬಹುದು.

ಈ ಸೀಮೆಯಲ್ಲಿ ನೀವು ಹಳೆಯ ಗಾಡಿ ಕೊಂಡರೆ ಬಣ್ಣ ಆಮೇಲೆ ಹೊಡೆಸಿ, ಸೀಟ್ ಕವರ್ ಆಮೇಲೆ ಹಾಕಿಸಿ. ಮೊದಲ ದಿನವೇ ಏರ್ ಫಿಲ್ಟರ್ ಮತ್ತು ಬ್ರೇಕ್ ಶೂ ಬದಲಿಸಿ. ಎರಡನ್ನೂ ಕಂಪನಿಯದ್ದೇ ತನ್ನಿ, ಡಬ್ಬಿ ನಿಮ್ಮ ಕಣ್ಣೆದುರೇ ಬಿಚ್ಚಿಸಿ, ಬಿಲ್ಲು ಇಸಿದುಕೊಳ್ಳಿ.