ಮೊಲಕ್ಕೆ ಯಾವ ನಂಬರು?

ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರಿಗೆ ನಂಬರಿನ ತಾಪತ್ರಯ ಗೊತ್ತೇ ಇರುತ್ತದೆ. ತೆಳು ಸೀರೆಗೆ ಫಾಲ್ ಹಚ್ಚಲು 11ರ ಸೂಜಿ, ಜಂಪರಿಗೆ 14, ಹುಡುಗರ ಜೀನ್ಸ್ ಪ್ಯಾಂಟಿನ ಅಂಚು ಮಡಿಸುವುದಿದ್ದರೆ 16 ಇಲ್ಲವೆ 18. “ಯಾವ ಸೂಜಿ ಒಳ್ಳೇದು?” ಎಂದು ಯಾರಾದರೂ ಕೇಳಿದರೆ ನಾವು ನಂಬರು ಹೇಳುವುದಿಲ್ಲ, “ಯಾವ ಬಟ್ಟೆಗೆ?” ಎಂದು ತಿರುಗಿ ಕೇಳುತ್ತೇವೆ. ಬಂದೂಕಿನ ನಂಬರಿನದೂ ಇದೇ ಲೆಕ್ಕ ಎಂದರೆ ಗಂಡಸರು ನಗಬಹುದು. ನಗಲಿ. ನನ್ನ ತಮ್ಮನ ಮಗನಿಗೆ ತಿಳಿಹೇಳುವಾಗ ನನಗೆ ನೆರವಿಗೆ ಬಂದದ್ದು ಸೂಜಿಯೇ.

ನನ್ನ ತವರು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ತಮ್ಮ ಅಲ್ಲಿಯೇ ಹೊಲಮನೆ ನೋಡಿಕೊಂಡಿದ್ದಾನೆ. ದೀಪಾವಳಿಗೆ ಹೋದಾಗ ಅವನ ಮಗ ಮೊಬೈಲು ಹಿಡಿದು ಅಡಿಗೆಮನೆಗೇ ಬಂದ.

“ಅತ್ತಿ, 177 ತಗೊಳ್ಳಲೋ 22 ತಗೊಳ್ಳಲೋ?”

“ಏನೋ ಅದು, ಬಸ್ಸಿನ ನಂಬರೇನು?”

“ಅಲ್ಲ ಅತ್ತಿ, ಛರ್ರೆ ಬಂದೂಕ. ಮೊಲ, ಕೌಜುಗ ಹೊಡಿಯಾಕ. ನೀ ಎನ್‌ಸಿಸಿ ಒಳಗ 22 ಹಾರಿಸೀಯಂತಲ್ಲ, ಅಪ್ಪ ಹೇಳ್ತಾನ. ನಂಬರ ನೋಡಿದ್ರ 177 ದೊಡ್ಡದಿರಬೇಕಲ್ಲ?”

ಹುಡುಗ ಬಿ.ಕಾಂ. ಮುಗಿಸಿದವ. ಆದರೂ ಚುಕ್ಕಿ ಕಾಣಲಿಲ್ಲ. ಅದು ಪಾಯಿಂಟ್ 177, ಅಂದರೆ ಒಂದು ಇಂಚಿನ ಸಾವಿರ ಪಾಲಿನಲ್ಲಿ 177 ಪಾಲು; ಇನ್ನೊಂದು ಪಾಯಿಂಟ್ 22, ಅಂದರೆ 220 ಪಾಲು. ಮಿಲಿಮೀಟರಿನಲ್ಲಿ ಹೇಳಿದರೆ ಮೊದಲಿನದು ನಾಲ್ಕೂವರೆ, ಎರಡನೆಯದು ಐದೂವರೆ. ಕೊಳವೆಯ ಬಾಯಿ ಅಷ್ಟಗಲ ಎಂದು ಅರ್ಥ. ಇವೆರಡರ ನಡುವೆ 5 ಮಿಲಿಮೀಟರಿನ ಪಾಯಿಂಟ್ 20 ಇದೆ, ಮೇಲೆ ಪಾಯಿಂಟ್ 25 ಕೂಡ ಇದೆ. ನಮ್ಮ ಹುಡುಗರ ಬಾಯಲ್ಲಿ ಮಾತ್ರ ಈ ಎರಡೇ.

ಎನ್‌ಸಿಸಿಯ ಮಾತನ್ನೂ ಅಲ್ಲೇ ತೀರಿಸಿಬಿಟ್ಟೆ. ಕಾಲೇಜಿನಲ್ಲಿ ನಾವು ಹುಡುಗಿಯರು ಖಾಕಿ ತೊಟ್ಟು, ನೆಲದ ಮೇಲೆ ಬೋರಲು ಮಲಗಿ ಹಾರಿಸಿದ್ದು ಪಾಯಿಂಟ್ 22 ನಿಜ. ಆದರೆ ಅದು ಮದ್ದು ತುಂಬಿದ ತೋಟಾದ ಬಂದೂಕು. ಅದರ ಗುಂಡು ಹೊತ್ತೊಯ್ಯುವ ಶಕ್ತಿ ನೂರು ಜೂಲಿಗೂ ಮೇಲೆ. ಗಾಳಿ ಬಂದೂಕಿನಲ್ಲಿ ಮದ್ದಿಲ್ಲ. ಕೊಳವೆಯನ್ನು ಮುರಿದಂತೆ ಬಗ್ಗಿಸಿದಾಗ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ಕುದುರೆ ಎಳೆದರೆ ಸ್ಪ್ರಿಂಗು ಬಿಚ್ಚಿಕೊಂಡು ಕೊಂತವನ್ನು ಮುಂದಕ್ಕೆ ದೂಡುತ್ತದೆ, ಅದು ಒತ್ತಿದ ಗಾಳಿ ಛರ್ರೆಯನ್ನು ತಳ್ಳುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒಮ್ಮೆಲೇ ಬಿಟ್ಟ ಹಾಗೆ. ಎರಡಕ್ಕೂ ಹೆಸರು 22 ಆದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ನಮ್ಮೂರಲ್ಲಿ ಒಂದೇ ಹೆಸರಿನವರು ಎಷ್ಟು ಮಂದಿ ಇಲ್ಲ?

ಛರ್ರೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಆಕಾರ ಮರೆಯುವುದಿಲ್ಲ. ನಡು ಸಣ್ಣ, ಎರಡೂ ತುದಿ ಅಗಲ, ಜೋಗಪ್ಪನ ಕೈಯ ಡಮರು ಕುಗ್ಗಿ ಸಾಸಿವೆ ಡಬ್ಬಿಗೆ ಬಿದ್ದಂತೆ. ಸೀಸದ್ದು. ಪಾಯಿಂಟ್ 177ರದು ಸುಮಾರು ಅರ್ಧ ಗ್ರಾಂ ತೂಗುತ್ತದೆ, ಪಾಯಿಂಟ್ 22ರದು ಸುಮಾರು 0.9 ಗ್ರಾಂ. ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಹೇಳಿದರೆ ನಮಗೆ ಬೇಗ ತಿಳಿದೀತು: ಒಂದು ನಾಲ್ಕು ಗುಂಜಿ, ಇನ್ನೊಂದು ಏಳೂವರೆ ಗುಂಜಿ. ಸ್ಪ್ರಿಂಗಿನ ಬಲ ಒಂದೇ ಇದ್ದರೆ ಹಗುರಾದದ್ದು ವೇಗವಾಗಿ, ನೆಟ್ಟಗೆ ಹೋಗುತ್ತದೆ. ಭಾರದ್ದು ನಿಧಾನಕ್ಕೆ ಹೋಗಿ ದಾರಿಯಲ್ಲಿ ಬಾಗುತ್ತದೆ. ಆದರೆ ತಾಗಿದ ಮೇಲೆ ಭಾರದ್ದರ ಗಾಯ ದೊಡ್ಡದು. ಅದಕ್ಕೇ ಇಂಗ್ಲೆಂಡಿನ ಬೇಟೆಗಾರರು ರೆಕ್ಕೆಯದಕ್ಕೆ ಸಣ್ಣದು, ತುಪ್ಪಳದ್ದಕ್ಕೆ ದೊಡ್ಡದು ಎನ್ನುತ್ತಾರೆ. ಹಕ್ಕಿಗೆ 177, ಮೊಲಕ್ಕೆ 22. ನನ್ನ ಅಳಿಯ ಮೊಬೈಲಿನಲ್ಲಿ ಓದಿದ್ದೂ ಇದನ್ನೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ನಾವು ಎಲ್ಲದಕ್ಕೂ ಮೊಲ ಎಂದುಬಿಡುತ್ತೇವೆ. ಅವರು ಅಲ್ಲಿ ಹೊಡೆಯುವುದು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುವ ಪ್ರಾಣಿ. ಅವರಿಗೆ ಅದು ಬೆಳೆಯ ಪೀಡೆ. ನಮ್ಮ ಹೊಲದ ಬದುವಿನಲ್ಲಿ ಕಿವಿ ನಿಮಿರಿಸಿ ಕೂಡುವುದು ಬೇರೆ ಜಾತಿ. ಅದು ಬಿಲ ತೋಡುವುದಿಲ್ಲ. ಹುಲ್ಲಿನಲ್ಲಿ ಮೈಯಷ್ಟೇ ಅಗಲದ ಗುಂಡಿ ಮಾಡಿಕೊಂಡು ಮಲಗುತ್ತದೆ, ಕಣ್ಣು ತೆರೆದೇ ಹುಟ್ಟುತ್ತದೆ. ಬೇರೆ ದೇಶದ ಬೇರೆ ಪ್ರಾಣಿಗೆ ಬರೆದ ಬುದ್ಧಿಮಾತನ್ನು ಹಿರೇಬೆಂಡಿಗೇರಿಯ ಬದುವಿಗೆ ತಂದರೆ ಹೇಗೆ? ಇಷ್ಟಾಗಿ ಆ ಬೇಟೆಗಾರರೂ ಗಾಳಿ ಬಂದೂಕಿನಿಂದ ಸಿಕ್ಕಲ್ಲಿ ಹೊಡೆಯುವುದಿಲ್ಲ. ತಲೆಗೇ ತಾಗಬೇಕು. ಗುರಿ ಒಂದು ರೂಪಾಯಿ ನಾಣ್ಯದಷ್ಟಗಲ. ಮೂವತ್ತು ಮೀಟರ್ ದೂರದಿಂದ ಆ ನಾಣ್ಯಕ್ಕೆ ಪ್ರತಿ ಸಲವೂ ತಾಗಿಸಲಾರದವನು ಕುದುರೆಗೆ ಬೆರಳಿಡಬಾರದು ಎಂಬುದು ಅವರದೇ ಕಟ್ಟು. ನಂಬರಿನ ವಾದ ಶುರುವಾಗುವುದು ಅದರ ನಂತರ.

ತಾಗಬೇಕಾದಲ್ಲಿ ತಾಗದಿದ್ದರೆ ಏನಾಗುತ್ತದೆ ಎಂಬುದನ್ನು ಆ ಹಬ್ಬದಲ್ಲೇ ನೋಡಿದೆ. ಮೇಲಿನ ಓಣಿಯ ಹುಡುಗನೊಬ್ಬನ ಬಳಿ ಇಂಥದೇ ಬಂದೂಕಿತ್ತು. ಬಲಿಪಾಡ್ಯಮಿಯ ಮುಂಜಾನೆ ನಾವು ಹಿತ್ತಲಲ್ಲಿ ಸಗಣಿಯ ಪಾಂಡವರನ್ನು ಇಡುತ್ತಿದ್ದೆವು. ನುಗ್ಗೆಗಿಡದಿಂದ ಬೆಳವಕ್ಕಿಯೊಂದು ದೊಪ್ಪನೆ ಬಿತ್ತು. ಸತ್ತಿರಲಿಲ್ಲ. ರೆಕ್ಕೆಯ ಬುಡದಲ್ಲಿ ಕುಂಕುಮದ ಬೊಟ್ಟಿನಷ್ಟು ತೂತು, ರಕ್ತವೂ ಹೆಚ್ಚಿಲ್ಲ. ತಮ್ಮನ ಹೆಂಡತಿ ಬುಟ್ಟಿ ಬೋರಲು ಹಾಕಿ ಜೋಳದ ನುಚ್ಚು, ನೀರು ಇಟ್ಟಳು. ನೀರು ಕುಡಿಯಿತು, ಕಾಳು ಮುಟ್ಟಲಿಲ್ಲ. ಕೈಯಲ್ಲಿ ಹಿಡಿದರೆ ಅದರ ಎದೆ ಮಷಿನ್ನಿನ ಸೂಜಿಯಂತೆ ಬಡಿದುಕೊಳ್ಳುತ್ತಿತ್ತು. ಮೂರನೆಯ ದಿನ ಬುಟ್ಟಿ ಎತ್ತಿದಾಗ ಒರಗಿತ್ತು. ನಾಲ್ಕು ಗುಂಜಿ ಸೀಸ ಒಂದು ಹಕ್ಕಿಯನ್ನು ಕೊಲ್ಲಲು ಮೂರು ದಿನ ತೆಗೆದುಕೊಂಡಿತು. ಬಂದೂಕು 22 ಆಗಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತೇನೋ. ಆ ವ್ಯತ್ಯಾಸವನ್ನು ಹಿಡಿದುಕೊಂಡು ಹುಡುಗರು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರಲ್ಲ ಎನ್ನಿಸಿತು.

ನನ್ನ ಅಪ್ಪನೂ ಬೇಟೆಯಾಡಿದವರೇ, ಮುಚ್ಚಿಡುವುದೇನು? ನಾನು ಕನ್ನಡ ಶಾಲೆಗೆ ಹೋಗುತ್ತಿದ್ದ ಕಾಲ. ಕೌಜುಗ ತಂದರೆ ಅವ್ವ ಅದನ್ನು ಒಳಗಿನ ಒಲೆಗೆ ಹತ್ತಗೊಡುತ್ತಿರಲಿಲ್ಲ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸುತ್ತಿದ್ದಳು. ನಮಗೆಲ್ಲ ನಿಧಾನಕ್ಕೆ ಅಗಿಯಲು ಹೇಳುತ್ತಿದ್ದಳು, ಹಲ್ಲಿಗೆ ಛರ್ರೆ ಸಿಕ್ಕೀತೆಂದು. ಸಿಕ್ಕಿದ್ದನ್ನು ತಾಟಿನ ಅಂಚಿನಲ್ಲಿ ಸಾಲಾಗಿ ಇಡುವುದು ನಮಗೊಂದು ಆಟ. ಸೀಸ ಹೊಟ್ಟೆಗೆ ಹೋದರೆ ಮಕ್ಕಳ ಮಿದುಳಿಗೆ ಕೇಡು ಎಂಬುದು ಆಗ ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಸುದ್ದಿ ನಮ್ಮೂರು ಮುಟ್ಟಲು ಸ್ವಲ್ಪ ಕಾಲ ಹಿಡಿಯಿತು. ಮುಟ್ಟಿದ ಮೇಲೆ ಅಪ್ಪ ಬಂದೂಕನ್ನು ಗೋಡೆಗೆ ತೂಗುಹಾಕಿದರು.

ಅಳಿಯನಿಗೆ ಈ ಕಾಯಿದೆ ಹುಲಿ, ಚಿರತೆಗೆ ಮಾತ್ರ ಎಂಬ ನಂಬಿಕೆ. ನವಿಲೂ ಸೇರಿದೆ ಎಂಬುದನ್ನು ಒಪ್ಪಿದ, ಯಾಕೆಂದರೆ ನಮ್ಮ ತಾಲೂಕಿನ ಬಂಕಾಪುರದ ಕೋಟೆಯೇ ನವಿಲುಧಾಮ. ಮೊಲ, ಕೌಜುಗ, ಲಾವಕ್ಕಿಗಳೂ ಅದರ ಪಟ್ಟಿಯಲ್ಲಿವೆ ಎಂದರೆ ನಂಬಲೊಲ್ಲ. ಮೊದಲು ಅವು ನಾಲ್ಕನೆಯ ಅನುಸೂಚಿಯಲ್ಲಿದ್ದವು. 2022ರ ತಿದ್ದುಪಡಿಯ ನಂತರ ಎರಡನೆಯದರಲ್ಲಿವೆ. ಕೊಂದರಷ್ಟೇ ಬೇಟೆಯಲ್ಲ; ಉರುಲು ಒಡ್ಡುವುದು, ಬಲೆ ಹಾಕುವುದು, ಹಾಗೆ ಮಾಡಲು ಯತ್ನಿಸುವುದು ಕೂಡ ಕಾಯಿದೆಯ ಕಣ್ಣಿಗೆ ಬೇಟೆಯೇ. ಮೂರು ವರ್ಷದವರೆಗೆ ಸೆರೆಮನೆ, ಒಂದು ಲಕ್ಷದವರೆಗೆ ದಂಡ. ಹಿಂದೆ ಕಾಗೆ, ಇಲಿ, ಹಣ್ಣಿನ ಬಾವಲಿಗಳನ್ನು ಪೀಡೆಗಳೆಂದು ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟಿದ್ದರು. ಆ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು.

ಇನ್ನು ಬಂದೂಕಿನ ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕೊಳವೆ ನಾಲ್ಕೂವರೆ ಮಿಲಿಮೀಟರ್ ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಗಾಳಿ ಬಂದೂಕಿಗೆ ಲೈಸೆನ್ಸು ಬೇಡ. ಪಾಯಿಂಟ್ 22 ಎಂದ ಕೂಡಲೇ ಲೈಸೆನ್ಸು ಬೇಕು. ಅಂದರೆ ಲೈಸೆನ್ಸಿಲ್ಲದ 22ರಿಂದ ಮೊಲ ಹೊಡೆದರೆ ಅಪರಾಧ ಎರಡು, 177ರಿಂದ ಹೊಡೆದರೆ ಒಂದು. ಮೊಲಕ್ಕೆ ಸರಿಯಾದ ನಂಬರು ಯಾವುದು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರವೇ ಇಲ್ಲ. ಬಟ್ಟೆಯೇ ಇಲ್ಲದ ಮೇಲೆ ಸೂಜಿ ಯಾವುದಾದರೇನು?

ಹುಡುಗ ಅಷ್ಟಕ್ಕೆ ಸೋಲಲಿಲ್ಲ. “ಸಲೀಂ ಅಲಿನೂ ಛರ್ರೆ ಬಂದೂಕಲೇ ಗುಬ್ಬಿ ಹೊಡದಾರಲ್ಲ ಅತ್ತಿ” ಎಂದ. ಹೊಡೆದದ್ದು ಹೌದು. 1908ರಲ್ಲಿ, ಇನ್ನೂ ಬಾಲಕರಿದ್ದಾಗ. ಬಿದ್ದ ಗುಬ್ಬಿಯ ಕೊರಳಲ್ಲಿ ಹಳದಿ ಗುರುತು ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದರು, ಅಲ್ಲಿಂದ ಅವರ ಬದುಕೇ ಬೇರೆಯಾಯಿತು. “ನೀನೂ ಹೆಸರು ಕೇಳಾಕ ಹೊಂಟಿದ್ರ ಮಾತು ಬ್ಯಾರೆ, ನೀ ಹೊಂಟಿದ್ದು ಸಾರು ಮಾಡಾಕ” ಎಂದೆ. ಒಳಗಿನಿಂದ ಅವನ ತಂಗಿ ನಕ್ಕಳು.

ಹೊಲದ ಕಷ್ಟವನ್ನು ನಾನು ಹಗುರ ಮಾಡುವುದಿಲ್ಲ. ಶೇಂಗಾ ಬಿತ್ತಿದ ಮರುದಿನವೇ ನವಿಲು ಸಾಲು ಹಿಡಿದು ಬೀಜ ಕೆದರುತ್ತವೆ, ಗೋವಿನಜೋಳದ ತೆನೆಗೆ ಮಂಗ ಬರುತ್ತವೆ, ರಾತ್ರಿ ಹಂದಿ. ತಮ್ಮನ ಸಿಟ್ಟು ನ್ಯಾಯದ್ದೇ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಹೊಡೆಯಬೇಕಾದರೂ ಅರಣ್ಯ ಇಲಾಖೆಯ ಅಧಿಕಾರಿಯಿಂದ ಬರಹದಲ್ಲಿ ಅಪ್ಪಣೆ ಬೇಕು, ಅದೂ ಎಲ್ಲ ಪ್ರಾಣಿಗೂ ಸಿಗುವುದಿಲ್ಲ. ಛರ್ರೆ ಬಂದೂಕು ಇಲ್ಲಿ ಕೆಲಸಕ್ಕೂ ಬಾರದು. ಹಂದಿಯ ಚರ್ಮಕ್ಕೆ ಅದು ಸೊಳ್ಳೆ; ಮಂಗನ ಕಣ್ಣಿಗೆ ತಾಗಿದರೆ ಕುರುಡು ಮಂಗ ಉಳಿಯುತ್ತದೆ, ಬೆಳೆ ಉಳಿಯುವುದಿಲ್ಲ. ಹೆದರಿಸೋಣವೆಂದರೆ ದೊಡ್ಡ ಸದ್ದೂ ಇಲ್ಲ. ಅದಕ್ಕಿಂತ ಅಟ್ಟದ ಮೇಲೆ ಕೂತು ಡಬ್ಬಿ ಬಾರಿಸುವುದು ಮೇಲು. ಹೊಲದ ಸುತ್ತ ಹಳೆಯ ಸೀರೆ ಕಟ್ಟುವ ಉಪಾಯವಂತೂ ನಿಮಗೂ ಗೊತ್ತು. ಹಬ್ಬಕ್ಕೆ ಹೋದಾಗ ನನ್ನ ಮದುವೆಯ ಕಾಲದ ಎರಡು ನೈಲಾನ್ ಸೀರೆಗಳು ಗೂಟಕ್ಕೆ ಬಿಗಿಸಿಕೊಂಡು ನಿಂತಿದ್ದನ್ನು ನಾನೇ ಕಂಡೆ.

ಹಾಗಾದರೆ ಬಂದೂಕೇ ಬೇಡವೆಂದೆನೇ? ಇಲ್ಲ. ಗುರಿಯಿಡುವುದರಲ್ಲಿ ಒಂದು ಸುಖವಿದೆ, ಅದನ್ನು ನಾನು ನೆಲದ ಮೇಲೆ ಬೋರಲು ಮಲಗಿ ಕಂಡವಳು. ಉಸಿರನ್ನು ಅರ್ಧಕ್ಕೆ ನಿಲ್ಲಿಸಿ, ಎದೆಬಡಿತದ ನಡುವಿನ ಸಂದಿಯಲ್ಲಿ ಬೆರಳು ಒತ್ತುವ ಆ ಗಳಿಗೆಯಲ್ಲಿ ಮನೆ, ಪರೀಕ್ಷೆ, ಮಂದಿ ಏನೂ ನೆನಪಿರುವುದಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ನಾಲ್ಕೂವರೆ ಮಿಲಿಮೀಟರಿನ ಗಾಳಿ ರೈಫಲಿನಿಂದಲೇ, ಹತ್ತು ಮೀಟರಿನಿಂದ. ಅಲ್ಲಿಯ ಗುರಿಹಾಳೆಯ ನಟ್ಟನಡುವಿನ ಚುಕ್ಕಿ ಅರ್ಧ ಮಿಲಿಮೀಟರು. ಛರ್ರೆಗಿಂತ ಒಂಬತ್ತು ಪಾಲು ಸಣ್ಣದು. ಅಷ್ಟು ಕಷ್ಟದ ಗುರಿ ಎದುರಿಗಿರುವಾಗ ಮೊಲ ಯಾಕೆ ಬೇಕು? ಅಳಿಯನಿಗೆ ಈ ಮಾತು ತಾಗಿತು. ಹುಡುಗರಿಗೆ ಪಾಪಪುಣ್ಯಕ್ಕಿಂತ ಪಂದ್ಯ ಬೇಗ ತಾಗುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಪಾಯಿಂಟ್ 177 ತಂದ, ಗುರುತಿನ ಚೀಟಿಯ ನಕಲು ಕೊಟ್ಟು, ರಸೀದಿ ಬರೆಸಿಕೊಂಡು. ನಾನು ಹಾಕಿದ ಕರಾರುಗಳು ಕೆಲವು. ಗುರಿಯ ಹಿಂದೆ ಮಣ್ಣಿನ ಗೋಡೆ, ಗೋಡೆಯ ಮುಂದೆ ಹಳೆಯ ದಪ್ಪ ಕೌದಿ ಇಳಿಬಿಡಬೇಕು, ಛರ್ರೆ ಪುಟಿದು ಬರಬಾರದು. ಓಣಿಯ ಮಕ್ಕಳು ಹಿತ್ತಲಲ್ಲಿದ್ದರೆ ಬಂದೂಕು ಹೊರಗೆ ಬರಬಾರದು. ಕಣ್ಣಿಗೆ ಎರಡನೆಯ ಸಲ ಎಂಬುದಿಲ್ಲ. ಛರ್ರೆ ಮುಟ್ಟಿದ ಕೈ ಸಾಬೂನು ಹಚ್ಚಿ ತೊಳೆದ ಮೇಲೆಯೇ ರೊಟ್ಟಿ ಮುರಿಯುವುದು. ಡಬ್ಬಿಯನ್ನು ಅಡಿಗೆಮನೆಯ ಮಾಡದಲ್ಲಿ ಜೀರಿಗೆಯ ಪಕ್ಕ ಇಟ್ಟಿದ್ದ, ಅದನ್ನು ತೆಗೆಸಿದೆ.

ಈಗ ಫೋನಿನಲ್ಲಿ ಅವನ ಪ್ರಶ್ನೆ ಛರ್ರೆಯ ತಲೆಯದು, ಚೂಪೋ ಚಪ್ಪಟೆಯೋ ಎಂದು. ಚಪ್ಪಟೆಯದೇ ತರಿಸು ಎಂದೆ. ಚೂಪಿನದು ಹಾಳೆಯನ್ನು ಹರಿಯುತ್ತದೆ; ಚಪ್ಪಟೆಯದು ದುಂಡಗೆ ಕತ್ತರಿಸಿದಂತೆ ತೂತು ಹಾಕುತ್ತದೆ, ಗೆರೆ ಮುಟ್ಟಿತೋ ಇಲ್ಲವೋ ಎಂದು ಎಣಿಸುವಾಗ ಜಗಳವಿರುವುದಿಲ್ಲ. ಜಗಳ ಆದರೂ ಆಗುತ್ತಿದೆಯಂತೆ, ಪಿಯುಸಿ ಓದುವ ತಂಗಿಯ ಅಂಕ ಹೆಚ್ಚು ಬಂದ ದಿನ.